ಗಾಳಿಗೂ ತೂಕವಿದೆ
(ಸುವರ್ಣ ಮಹೋತ್ಸವದ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಹೇಳುವವರು ಆಗಲೇ ಮಾತಾಡಿದ್ದಾರೆ. ನಾನು 22 ವರ್ಷ ಗದಗ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರಿಪೇರಿ ಮಾಡಿದವನು. ‘ಗಾಳಿಯ ಬಗ್ಗೆಯೇ ನಾಲ್ಕು ಮಾತು ಹೇಳಿ, ಮಕ್ಕಳಿಗೆ ಉಪಯೋಗವಾಗಲಿ’ ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಕೊಟ್ಟರು. ಮಕ್ಕಳಿಗಷ್ಟೇ ಅಲ್ಲ, ತಗಡಿನ ಮನೆಯಲ್ಲಿರುವ ಎಲ್ಲರಿಗೂ ಬೇಕಾದ ಮಾತು ಇದರಲ್ಲಿದೆ. ನಿಧಾನವಾಗಿ ಅಲ್ಲಿಗೆ ಬರುತ್ತೇನೆ.

ಮೊದಲು ಒಂದು ಲೆಕ್ಕ. ಒಂದು ತರಗತಿಯ ಕೋಣೆ 25 ಅಡಿ ಉದ್ದ, 20 ಅಡಿ ಅಗಲ, 12 ಅಡಿ ಎತ್ತರ ಇದೆ ಎಂದುಕೊಳ್ಳಿ. ಬೆಂಚು, ಮಕ್ಕಳು ಎಲ್ಲ ಹೊರಗೆ ಬಂದ ಮೇಲೆ ಒಳಗೆ ಉಳಿಯುವುದೇನು? ಏನೂ ಇಲ್ಲ ಎನ್ನುತ್ತೀರಿ. ಇಲ್ಲ, ಹತ್ತಿರ ಹತ್ತಿರ ಎರಡು ಕ್ವಿಂಟಲ್ ಗಾಳಿ ಉಳಿದಿರುತ್ತದೆ. ಒಂದು ಘನ ಮೀಟರ್ ಗಾಳಿ ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. ಎರಡು ಚೀಲ ಜೋಳ ಓಡಿಬಂದು ಬಡಿದರೆ ಹೇಗಿರುತ್ತದೆ ಎಂದು ಯೋಚಿಸಿ. ಬಿರುಗಾಳಿ ಎಂದರೆ ಅದೇ.

ಈ ಭಾರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬಿಸಿಲಿಗೆ ನೆಲ ಕಾದಲ್ಲಿ ಗಾಳಿ ಹಿಗ್ಗಿ ಮೇಲೇರುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ. ತಂಪಾದ ಕಡೆ ಒತ್ತಡ ಹೆಚ್ಚಾಗಿಯೇ ಇರುತ್ತದೆ. ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಗಾಳಿ ನುಗ್ಗುತ್ತದೆ. ಕಾರವಾರದ ದಂಡೆಯಲ್ಲಿ ಮಧ್ಯಾಹ್ನ ಸಮುದ್ರದಿಂದ ಗಾಳಿ ಬರುವುದಕ್ಕೂ, ಬೇಸಿಗೆಯಲ್ಲಿ ಬಯಲಲ್ಲಿ ಸುಳಿಗಾಳಿ ಏಳುವುದಕ್ಕೂ ಮೂಲ ಕಾರಣ ಈ ಬಿಸಿಯೇ. ಸುಳಿಗಾಳಿಯೊಳಗೆ ದೆವ್ವ ಇರುತ್ತದೆ ಎಂದು ನಮ್ಮನ್ನು ಹೆದರಿಸುತ್ತಿದ್ದರು. ಅದು ಕಾದ ನೆಲದಿಂದ ಮೇಲೇಳುವ ಗಾಳಿ ತಿರುಗುವುದು ಅಷ್ಟೆ. ಕಣ್ಣಿಗೆ ಮಣ್ಣು ಬೀಳುವುದು ಮಾತ್ರ ನಿಜ!

ಕಣದಲ್ಲಿ ರಾಶಿ ಮಾಡಿದ ಹಿರಿಯರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಬೆಳಗ್ಗೆ ಗಾಳಿ ಇರುತ್ತಿರಲಿಲ್ಲ, ಮೊರ ಹಿಡಿದು ಕಾಯುತ್ತಿದ್ದರು. ಹೊತ್ತು ಏರಿದ ಮೇಲೆ ಗಾಳಿ ಬರುತ್ತಿತ್ತು. ರಾತ್ರಿ ನೆಲ ತಣ್ಣಗಾಗಿ, ಅದರ ಮೇಲಿನ ಗಾಳಿಯೂ ತಣ್ಣಗಾಗಿ ಭಾರವಾಗಿ ಕದಲದೆ ಕೂತಿರುತ್ತದೆ. ಬಿಸಿಲು ಬಿದ್ದು ಅದು ಮೇಲೇಳತೊಡಗಿದಾಗ ಎತ್ತರದಲ್ಲಿ ಓಡುವ ಗಾಳಿ ಕೆಳಗಿಳಿದು ಬೆರೆಯುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆಗೆ ಈಗ ಬೇರೆ ಅರ್ಥ ಬಂದುಬಿಟ್ಟಿದೆ, ಆದರೆ ಅದು ಹುಟ್ಟಿದ್ದು ಕಣದಲ್ಲಿ. ಬೆಳಗ್ಗೆ ಗಾಳಿ ಇಲ್ಲ ಎಂದು ಹೊಲದ ಕಸಕ್ಕೆ ಬೆಂಕಿ ಹಚ್ಚುವವರು ಹನ್ನೊಂದು ಗಂಟೆಯ ಗಾಳಿಯನ್ನು ನೆನಪಿಡಬೇಕು. ಪಕ್ಕದವರ ಬಣವೆ ದೂರ ಇರುವುದಿಲ್ಲ.

ಇನ್ನು ಆಷಾಢದ ಗಾಳಿ. ಬೇಸಿಗೆಯಲ್ಲಿ ರಾಜಸ್ಥಾನ, ಪಾಕಿಸ್ತಾನದ ಕಡೆ ನೆಲ ಕಾದು ಒತ್ತಡ ಇಳಿದಿರುತ್ತದೆ. ಭೂಮಧ್ಯರೇಖೆಯ ಆಚೆಯ ಸಮುದ್ರದಿಂದ ಗಾಳಿ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ರೇಖೆ ದಾಟಿದ ಮೇಲೆ ಬಲಕ್ಕೆ ಹೊರಳುತ್ತದೆ. ಹಾಗಾಗಿ ನಮಗೆ ತೆಂಕಣದಿಂದ ನೇರ ಬರದೆ ಪಡುವಣದಿಂದ ಬರುತ್ತದೆ. ಹೊತ್ತು ತಂದ ನೀರನ್ನು ಸಹ್ಯಾದ್ರಿಗೆ ಸುರಿದು ಬರುವುದರಿಂದ ಮಳೆ ಅವರಿಗೆ, ಗಾಳಿ ನಮಗೆ. 1857ರಲ್ಲಿ ಬೈಸ್ ಬಲೊಟ್ ಎಂಬ ಡಚ್ ವಿಜ್ಞಾನಿ ಒಂದು ಸುಲಭ ಸೂತ್ರ ಹೇಳಿದ. ನಮ್ಮ ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಎಡಗೈ ಕಡೆ ಒತ್ತಡ ಕಡಿಮೆ. ಆಷಾಢದಲ್ಲಿ ಪಡುವಣಕ್ಕೆ ಬೆನ್ನು ಮಾಡಿ ನಿಂತು ನೋಡಿ, ಎಡಗೈ ಉತ್ತರಕ್ಕಿರುತ್ತದೆ. ಓಣಿಯ ಸಣ್ಣ ಗಾಳಿಗೆ ಇದು ಹೊಂದುವುದಿಲ್ಲ, ದೊಡ್ಡ ಗಾಳಿಗೆ ಮಾತ್ರ.

ಗುಡ್ಡದ ಮೇಲೆ ನಮಗೆ ಸುಗ್ಗಿ ಅದೇ ಆಷಾಢ. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ಅದಕ್ಕೇ ಸೆಕೆಂಡಿಗೆ ಸುಮಾರು 25 ಮೀಟರ್ ದಾಟಿದರೆ ಯಂತ್ರ ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ. ‘ಇಷ್ಟು ಗಾಳಿ ಇದ್ದರೂ ನಿಂತಿದೆಯಲ್ಲ, ಕೆಟ್ಟಿದೆಯೇನೋ ತಮ್ಮಾ?’ ಎಂದು ಕುರಿ ಕಾಯುವ ಅಜ್ಜಂದಿರು ಕೇಳುತ್ತಿದ್ದರು. ಕೆಡಬಾರದು ಎಂದೇ ನಿಂತಿರುತ್ತಿತ್ತು.

ಈಗ ತಗಡಿನ ಮಾತಿಗೆ ಬರುತ್ತೇನೆ. ನಮ್ಮ ಕಡೆ ಮನೆ ಕೆಡವುವುದು ಆಷಾಢದ ಗಾಳಿಯಲ್ಲ, ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಗಾಳಿ. ಎತ್ತರದ ಮೋಡದಿಂದ ಹನಿ ಬೀಳುವಾಗ ಕೆಳಗಿನ ಒಣ ಗಾಳಿಯಲ್ಲಿ ಅರ್ಧಕ್ಕರ್ಧ ಆವಿಯಾಗಿ ಹೋಗಬಹುದು. ಬೆವರು ಆರಿದಾಗ ಮೈ ತಣ್ಣಗಾಗುವಂತೆ ಆ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೆ ಬೀಳುತ್ತದೆ. ಕೊಡದ ನೀರು ಕಲ್ಲುಹಾಸಿನ ಮೇಲೆ ಚೆಲ್ಲಿದಂತೆ ನೆಲಕ್ಕೆ ಬಡಿದು ಸುತ್ತಲೂ ಹರಿಯುತ್ತದೆ. ಅದಕ್ಕೇ ಮಳೆಗಿಂತ ಮೊದಲು ಗಾಳಿ ಬರುವುದು. ದಿನವಿಡೀ ಕುದಿದ ನಾವು ‘ಆಹಾ, ತಂಪು ಗಾಳಿ’ ಎಂದು ಅಂಗಳಕ್ಕೆ ಬರುತ್ತೇವೆ, ಬೇವಿನ ಮರದ ಕೆಳಗೆ ನಿಲ್ಲುತ್ತೇವೆ. ಆ ತಂಪೇ ಎಚ್ಚರಿಕೆ. ಮೋಡದ ಕಡೆಯಿಂದ ಕೆಂಧೂಳು ಎದ್ದು ಬರುತ್ತಿದ್ದರೆ ಉಳಿದಿರುವುದು ಕೆಲವೇ ನಿಮಿಷ. ಮರ, ಕರೆಂಟಿನ ತಂತಿ ಬಿಟ್ಟು ಗಟ್ಟಿ ಚಾವಣಿಯ ಒಳಗೆ ಹೋಗಿ.

ತಗಡನ್ನು ಗಾಳಿ ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಹೆಚ್ಚು. ಮಕ್ಕಳು ಒಂದು ಕಾಗದದ ಪಟ್ಟಿಯನ್ನು ತುಟಿಯ ಕೆಳಗೆ ಹಿಡಿದು ಅದರ ಮೇಲೆ ಊದಿ ನೋಡಿ, ಕಾಗದ ಮೇಲೇಳುತ್ತದೆ. ಗಂಟೆಗೆ 90 ಕಿಲೋಮೀಟರ್ ಗಾಳಿ ಹತ್ತಡಿಯ ಒಂದು ತಗಡನ್ನು ಹತ್ತಿರ ಹತ್ತಿರ ಒಂದು ಕ್ವಿಂಟಲ್ ಬಲದಿಂದ ಎಬ್ಬಿಸಬಲ್ಲದು. ಗಾಳಿ ಬರುವ ದಿಕ್ಕಿನ ಬಾಗಿಲು ತೆರೆದಿದ್ದರೆ ಒಳಗಿನಿಂದಲೂ ನೂಕುತ್ತದೆ. ಆದ್ದರಿಂದ ಮೊದಲು ಆ ಬಾಗಿಲು ಮುಚ್ಚಿ. ತಗಡಿನ ಮೇಲೆ ಕಲ್ಲು ಹೇರುವ ನಮ್ಮ ರೂಢಿಯನ್ನು ದಯವಿಟ್ಟು ಬಿಡಿ. ತಗಡು ಎದ್ದಾಗ ಆ ಕಲ್ಲು ಬೀಳುವುದು ಕೆಳಗೆ ಮಲಗಿದ ಮಗುವಿನ ಮೇಲೆ. ಕಲ್ಲಿನ ಬದಲು ಹುಕ್ಕಿನ ಬೋಲ್ಟು ಹಾಕಿಸಿ. ಎಳೆತ ಹೆಚ್ಚಿರುವುದು ಅಂಚು, ಮೂಲೆಗಳಲ್ಲಿ. ಅಲ್ಲಿ ಬೋಲ್ಟು ಒತ್ತೊತ್ತಾಗಿರಲಿ.

ಬರುವಾಗ ನಮ್ಮ ಶಾಲೆಯ ಸೈಕಲ್ ಸ್ಟ್ಯಾಂಡ್ ನೋಡಿದೆ. ಪಡುವಣ ಮೂಲೆಯ ತಗಡಿಗೆ ಎರಡು ಬೋಲ್ಟು ಇಲ್ಲ, ಮೇಲೆ ನಾಲ್ಕು ಕಲ್ಲುಗಳಿವೆ. ನಾಳೆ ಬೆಳಗ್ಗೆ ಏಣಿ ಕೊಟ್ಟರೆ ಕಲ್ಲು ಇಳಿಸಿ ಬೋಲ್ಟು ಬಿಗಿದೇ ಊರಿಗೆ ಹೋಗುತ್ತೇನೆ. ಸಾಮಾನು ನನ್ನ ಚೀಲದಲ್ಲಿದೆ. ಎಂಟು, ಒಂಬತ್ತನೇ ತರಗತಿಯಿಂದ ಇಬ್ಬರು ಜೊತೆಗೆ ಬಂದರೆ ಕೆಲಸವನ್ನೂ ತೋರಿಸಿಕೊಡುತ್ತೇನೆ.