ಧರ್ಮಭಗಿನಿಯರು ಮತ್ತು ತವರಿನ ಬಾಗಿಲು
(ಪುಣೆಯಲ್ಲಿ ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಕಾನ್ವೆಂಟ್’ ಎಂಬ ಶಬ್ದಕ್ಕೆ ನಮ್ಮಲ್ಲಿ ವಿಚಿತ್ರ ಗತಿ ಒದಗಿದೆ. ಕ್ಯಾಥೊಲಿಕ್ ಧರ್ಮಭಗಿನಿಯರು ಕೂಡಿ ಬಾಳುವ ಮಠದ ಹೆಸರು ಕನ್ನಡಿಗರ ಬಾಯಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಯೆಂದಾಗಿದೆ. ಒಬ್ಬ ಭಗಿನಿಯ ನೆರಳೂ ಬೀಳದ ಗಲ್ಲಿಯ ಶಾಲೆಯೂ ನಮಗೆ ಕಾನ್ವೆಂಟೇ. ಆದ್ದರಿಂದ ಶಾಲೆ, ಆಸ್ಪತ್ರೆಗಳ ಆಚೆಗೆ ಈ ಹೆಂಗಸರು ಏನು ಮಾಡಿದ್ದಾರೆಂದು ಕೇಳುವ ಅಭ್ಯಾಸ ನಮಗೆ ಬೆಳೆಯಲಿಲ್ಲ.

ಶಾಲೆಗಳ ಕೊಡುಗೆ ಸಣ್ಣದೆಂದು ನಾನು ಹೇಳುತ್ತಿಲ್ಲ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದರು. 1921ರಲ್ಲಿ ಅವರ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ತೆರೆಯಿತು. ಅದೇ ವರ್ಷ ಅದೇ ಊರಿನಲ್ಲಿ ಮಸ್ಕರೇನ್ಹಸ್ ಎಂಬ ಪಾದ್ರಿಗಳು ಸ್ಥಳೀಯ ಕನ್ಯೆಯರನ್ನೇ ಕೂಡಿಸಿ ಬೆಥನಿ ಸಂಸ್ಥೆಯನ್ನು ಕಟ್ಟಿದರು. ಈ ಚರಿತ್ರೆ ನಿಮಗೆ ಗೊತ್ತಿರುವುದೇ. ಆದರೆ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು, ಪ್ರತಿಯೊಂದು ಸಂಸ್ಥೆಯೂ ತನ್ನ ಮೂಲ ಸ್ಫೂರ್ತಿಗೆ ಮರಳಿ ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು ವಿಧಿಸಿತು. ಹಲವು ಭಗಿನಿಯರು ಗೋಡೆ ದಾಟಿ ಹಳ್ಳಿಗೂ ಕೊಳೆಗೇರಿಗೂ ಬಂದದ್ದು ಆಮೇಲೆ. ಇಂದು ಮಾತಾಡಬೇಕಾದದ್ದು ಹಾಗೆ ಹೊರಬಂದವರ ವಿಷಯ. ಅದಕ್ಕೆ ದೂರ ಹೋಗಬೇಕಾಗಿಲ್ಲ.

ಪುಣೆಯಿಂದ ಹೆಚ್ಚು ದೂರವಿಲ್ಲದ ವಢೂ ಬುದ್ರುಕ್ ಗ್ರಾಮ ಸಂಭಾಜಿ ಮಹಾರಾಜರ ಸಮಾಧಿಯಿಂದ ಪ್ರಸಿದ್ಧವಾದದ್ದು. ಅಲ್ಲಿ 1997ರಲ್ಲಿ ಸಿಸ್ಟರ್ ಲೂಸಿ ಕುರಿಯನ್ ‘ಮಾಹೇರ್’ ಎಂಬ ಆಶ್ರಯಧಾಮವನ್ನು ಆರಂಭಿಸಿದರು. ಮಾಹೇರ್ ಎಂದರೆ ತವರುಮನೆ. ವಾರಕರಿಗಳು ಪಂಢರಪುರವನ್ನು ಮಾಹೇರ್ ಎನ್ನುತ್ತಾರೆಂಬುದು ಈ ನೆಲದಲ್ಲಿ ಬಾಳುವ ನಮಗೆ ಹೊಸದಲ್ಲ. ಕೇರಳದಲ್ಲಿ ಹುಟ್ಟಿದ ಕ್ರೈಸ್ತ ಸನ್ಯಾಸಿನಿಯೊಬ್ಬರು ತಮ್ಮ ಮನೆಗೆ ಸಂತರ ಹೆಸರನ್ನಿಡದೆ ಮರಾಠಿ ಹೆಣ್ಣುಮಕ್ಕಳ ಈ ಶಬ್ದವನ್ನು ಆರಿಸಿಕೊಂಡದ್ದೇ ಒಂದು ವಿಚಾರ.

ಇದರ ಹಿಂದೆ ಒಂದು ಸಾವಿದೆ. ಲೂಸಿಯವರು ಅದನ್ನು ಹಲವೆಡೆ ತಾವೇ ಹೇಳಿಕೊಂಡಿದ್ದಾರೆ. 1991ರಲ್ಲಿ ಗರ್ಭಿಣಿಯೊಬ್ಬಳು ಪುಣೆಯಲ್ಲಿ ಅವರ ಬಳಿಗೆ ಬಂದು, ಗಂಡನಿಂದ ತನಗೆ ಅಪಾಯವಿದೆ, ಆಶ್ರಯ ಕೊಡಿ ಎಂದು ಬೇಡಿದಳು. ಅವರಿಗೆ ಆಶ್ರಯ ಕೊಡುವ ಸ್ವಾತಂತ್ರ್ಯವಿರಲಿಲ್ಲ. ನಾಳೆ ಬಾ, ನೋಡೋಣ ಎಂದರು. ಆ ರಾತ್ರಿಯೇ ಗಂಡ ಆಕೆಗೆ ಬೆಂಕಿಯಿಟ್ಟ. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಇದನ್ನು ಬರಿಯ ಕರುಣಾಜನಕ ಕಥೆಯಾಗಿ ಕೇಳಿ ಮರೆಯಬಾರದು. ಇದರಲ್ಲಿ ಅಧಿಕಾರದ ಪ್ರಶ್ನೆಯಿದೆ. ಬಾಗಿಲಲ್ಲಿ ನಿಂತಿದ್ದವಳು ಹೆಂಗಸು, ಒಳಗಿದ್ದವಳೂ ಹೆಂಗಸೇ. ಆದರೆ ಬಾಗಿಲು ತೆರೆಯುವ ಹಕ್ಕು ಇಬ್ಬರಿಗೂ ಇರಲಿಲ್ಲ. ಧರ್ಮಸಂಸ್ಥೆಗಳಲ್ಲಿ ಹೆಣ್ಣಿನ ಸೇವೆಗೆ ಎಲ್ಲೆಯಿಲ್ಲ, ನಿರ್ಣಯಕ್ಕೆ ಮಾತ್ರ ಎಲ್ಲೆಯಿದೆ. ಈ ಮಾತು ಕ್ಯಾಥೊಲಿಕರಿಗಷ್ಟೇ ಅನ್ವಯಿಸುವುದೆಂದು ಇಲ್ಲಿ ಯಾರಾದರೂ ನೆಮ್ಮದಿಪಟ್ಟರೆ, ಅವರವರ ಮಠಗಳ ಆಡಳಿತ ಮಂಡಳಿಯ ಪಟ್ಟಿಯನ್ನು ಒಮ್ಮೆ ಓದಿಕೊಳ್ಳಲಿ. ಬಂದವಳನ್ನು ಯಾವ ಹೊತ್ತಿನಲ್ಲೂ ಒಳಗೆ ಕರೆದುಕೊಳ್ಳುವ ಮನೆ ಕಟ್ಟಲು ಲೂಸಿಯವರಿಗೆ ಮುಂದೆ ಆರು ವರ್ಷ ಹಿಡಿಯಿತು.

ಮಾಹೇರಿನ ವಿಶೇಷ ಅದರ ವ್ಯವಸ್ಥೆಯಲ್ಲಿದೆ. ಅನಾಥ ಮಕ್ಕಳನ್ನು ಒಂದೇ ದೊಡ್ಡ ಕಟ್ಟಡದಲ್ಲಿ ತುಂಬದೆ ಚಿಕ್ಕ ಚಿಕ್ಕ ಮನೆಗಳಲ್ಲಿ ಸಾಕುತ್ತಾರೆ. ಪ್ರತಿ ಮನೆಗೂ ಒಬ್ಬ ಗೃಹಮಾತೆ. ಪೆಟ್ಟು ತಿಂದು ಆಶ್ರಯಕ್ಕೆ ಬಂದ ಹೆಂಗಸರಲ್ಲಿ ಹಲವರು ಆ ಗೃಹಮಾತೆಯರಾಗಿದ್ದಾರೆ. ಬೇಡಲು ಬಂದವಳು ಸಂಬಳ ಪಡೆದು ಮನೆ ನಡೆಸುವವಳಾಗುತ್ತಾಳೆ. ಹೊಲಿಗೆ, ಮೇಣದಬತ್ತಿ ಮೊದಲಾದ ಕೆಲಸಗಳನ್ನು ಕಲಿಸುತ್ತಾರೆ. ಸುತ್ತಣ ಹಳ್ಳಿಗಳಲ್ಲಿ ಸ್ವಸಹಾಯ ಗುಂಪುಗಳನ್ನು ಕಟ್ಟುತ್ತಾರೆ. ಎಲ್ಲ ಧರ್ಮಗಳ ಹಬ್ಬಗಳೂ ಅಲ್ಲಿ ನಡೆಯುತ್ತವೆ. ಗಂಡನನ್ನು ಕರೆಸಿ ಮಾತಾಡಿ ಸಂಸಾರ ಕೂಡಿಸಿದ ಉದಾಹರಣೆಗಳೂ ಇವೆ. ಈಗ ಕೇರಳ, ಝಾರ್ಖಂಡ್ ಮೊದಲಾದ ರಾಜ್ಯಗಳಿಗೂ ಮಾಹೇರ್ ಹಬ್ಬಿದೆ.

ಸುಸ್ಥಿರ ಅಭಿವೃದ್ಧಿ ಎಂಬ ಮಾತನ್ನು ಸರಕಾರದ ಕಡತಗಳು ಸವೆಸಿಬಿಟ್ಟಿವೆ. ನನ್ನ ಮಟ್ಟಿಗೆ ಅದರ ಅರ್ಥ ಇಷ್ಟೆ: ಆರಂಭಿಸಿದವರು ಹೋದ ಮೇಲೂ ಕೆಲಸ ನಡೆಯಬೇಕು. ಧರ್ಮಭಗಿನಿಯರ ಬಾಳಿನಲ್ಲಿ ವರ್ಗಾವಣೆ ಸಾಮಾನ್ಯ. ಮೇಲಿನವರ ಅಪ್ಪಣೆ ಬಂದರೆ ಊರು ಬಿಡಬೇಕು. ಮಠ ಸೇರುವ ಹುಡುಗಿಯರ ಸಂಖ್ಯೆಯೂ ಕೇರಳ, ಮಂಗಳೂರುಗಳಲ್ಲಿ ಇಳಿಯುತ್ತಿದೆ. ಊರಿನ ಹೆಂಗಸರ ಕೈಗೆ ಒಪ್ಪಿಸದ ಕೆಲಸ ಆ ಭಗಿನಿಯ ಪೆಟ್ಟಿಗೆಯೊಂದಿಗೇ ಬಸ್ಸು ಹತ್ತಿಬಿಡುತ್ತದೆ. ಹೊರದೇಶದ ದೇಣಿಗೆಯನ್ನೇ ನಂಬಿದ ಸಂಸ್ಥೆಗಳೂ ಇದೇ ಅಪಾಯದಲ್ಲಿವೆ.

ಆಶ್ರಯಧಾಮದಿಂದ ಇನ್ನೂ ಮುಂದಕ್ಕೆ ಹೋದವರು ಸಿಸ್ಟರ್ ಜಾನ್ ಡೆವೊಸ್. ಬೆಲ್ಜಿಯಮ್ಮಿನ ಈ ಭಗಿನಿ ಮುಂಬಯಿಯನ್ನು ನೆಲೆ ಮಾಡಿಕೊಂಡು 1985ರಲ್ಲಿ ರಾಷ್ಟ್ರೀಯ ಮನೆಗೆಲಸಗಾರರ ಚಳವಳಿಯನ್ನು ಆರಂಭಿಸಿದರು. ಪುಣೆಗೆ ಈ ವಿಷಯ ಹೊಸದಾಗಿರಲಿಲ್ಲ; 1980ರಲ್ಲೇ ಇಲ್ಲಿನ ಮೋಲಕರಣಿಯರು ಮುಷ್ಕರ ಹೂಡಿ ತಮ್ಮದೇ ಸಂಘಟನೆ ಕಟ್ಟಿದ್ದರು. ಡೆವೊಸರ ಚಳವಳಿಯೂ ಬೆಂಗಳೂರಿನ ಇತರ ಸಂಘಟನೆಗಳೂ ಬಿಡದೆ ಒತ್ತಾಯಿಸಿದ ಮೇಲೆ, 2004ರಲ್ಲಿ ಕರ್ನಾಟಕವು ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿಪಡಿಸಿದ ಮೊದಲ ರಾಜ್ಯವಾಯಿತು. ಮಹಾರಾಷ್ಟ್ರ 2008ರಲ್ಲಿ ಕಲ್ಯಾಣ ಮಂಡಳಿಯ ಕಾಯ್ದೆ ತಂದಿತು. ಕರ್ನಾಟಕದ ಈ ಹೆಜ್ಜೆಯನ್ನು ನಮ್ಮ ಎಷ್ಟು ರಾಜ್ಯೋತ್ಸವದ ಭಾಷಣಗಳು ನೆನೆದಿವೆ?

ಗೆಳೆಯರೆ, ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಗುಳೆ ಬಂದ ಹೆಂಗಸರು ಈ ನಗರದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಾರೆ, ನಮ್ಮ ಅಡುಗೆಮನೆಯ ಪಾತ್ರೆ ಬೆಳಗುತ್ತಾರೆ. ಅವರ ತವರು ರಾತ್ರಿಯಿಡೀ ಬಸ್ಸಿನಲ್ಲಿ ಕೂತರೆ ಸಿಗುವಷ್ಟು ದೂರ. ಠಾಣೆಯಲ್ಲಿ ಮರಾಠಿಯಲ್ಲಿ ದೂರು ಹೇಳಲು ಅವರಿಗೆ ಬಾರದು. ನಾವು ಅವರೊಂದಿಗೆ ಕನ್ನಡ ಆಡುತ್ತೇವೆ, ನಿಜ. ಬಹುಮಟ್ಟಿಗೆ ಕೆಲಸ ಹೇಳುವುದಕ್ಕೆ. ನಾಟಕೋತ್ಸವಕ್ಕೂ ದಾಸರ ಪದಗಳ ಸ್ಪರ್ಧೆಗೂ ಅವರನ್ನು ಕರೆದದ್ದಿಲ್ಲ.

ಕಾರ್ಯಕಾರಿ ಸಮಿತಿಯ ಮುಂದೆ ನನ್ನದೊಂದು ಬೇಡಿಕೆಯಿದೆ. ವಾರದಲ್ಲಿ ಒಂದು ಸಂಜೆ ಸಂಘದ ಒಂದು ಕೋಣೆಯನ್ನು ಈ ಹೆಂಗಸರಿಗೆ ಬಿಟ್ಟುಕೊಡಿ. ಬ್ಯಾಂಕಿನ ಪುಸ್ತಕ ಓದಿ ಹೇಳಲು, ಮರಾಠಿಯಲ್ಲಿ ಅರ್ಜಿ ಬರೆಯಲು, ಬೇಕಾದರೆ ಠಾಣೆಗೋ ವಢೂವಿಗೋ ಜೊತೆಯಲ್ಲಿ ಹೋಗಲು ನಮ್ಮಲ್ಲಿ ನಿವೃತ್ತರು ಬೇಕಾದಷ್ಟಿದ್ದಾರೆ. ಕೋಣೆಯ ಬೀಗದ ಕೈ ಮಾತ್ರ ಅವರಲ್ಲೊಬ್ಬಳ ಬಳಿ ಇರಲಿ.