ಇಲಿಯ ಕರುಳಿನಲ್ಲಿ ಕಂಡ ಗುಟ್ಟು

ನಮ್ಮ ಕಾವ್ಯಗಳಲ್ಲಿ ಪರಪುಷ್ಟವೆಂದರೆ ಕೋಗಿಲೆ. ಪರರ ಗೂಡಿನಲ್ಲಿ ಬೆಳೆದದ್ದು ಎಂದರ್ಥ. ಇಂದು ನಾನು ನಿಮಗೆ ಪರಿಚಯ ಮಾಡಿಕೊಡುವ ಪರಪುಷ್ಟ ಹಾಡುವುದಿಲ್ಲ. ಅದು ಎರಡು ಮಿಲಿಮೀಟರು ಉದ್ದದ, ನೂಲಿನೆಳೆಯಂಥ ಜಂತು. ಹೆಸರು ಸ್ಟ್ರಾಂಜಿಲಾಯ್ಡಿಸ್, ಇದನ್ನು ತೊದಲದೆ ಹೇಳಲು ನನಗೆ ಮೂರು ದಿನದ ಅಭ್ಯಾಸ ಬೇಕಾಯಿತು.

ಒದ್ದೆ ಮಣ್ಣಿನಲ್ಲಿ ಬರಿಗಾಲಿನಿಂದ ನಡೆದವರ ಚರ್ಮವನ್ನು ಇದರ ಮರಿ ಕೊರೆದು ಒಳಹೊಗುತ್ತದೆ. ಕೊನೆಗೆ ಸಣ್ಣ ಕರುಳಿನಲ್ಲಿ ಬಿಡಾರ ಹೂಡುತ್ತದೆ. ಮರಿಗಳಲ್ಲಿ ಕೆಲವು ಹೊರಗೆ ಹೋಗದೆಯೇ ಬಲಿತು, ಅದೇ ದೇಹದಲ್ಲಿ ಮತ್ತೆ ಸಂಸಾರ ಬೆಳೆಸುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ–ಥಾಯ್ಲೆಂಡ್ ರೈಲುದಾರಿಯಲ್ಲಿ ದುಡಿದ ಸೆರೆಯಾಳುಗಳಲ್ಲಿ ಕೆಲವರ ಒಡಲಿನಲ್ಲಿ ಮೂವತ್ತು ವರ್ಷಗಳಾದ ಮೇಲೂ ಈ ಹುಳು ಸಿಕ್ಕಿತು.

ಹೀಗೆ ಸದ್ದಿಲ್ಲದೆ ಇರುವ ಜಂತುವನ್ನು ಕೆರಳಿಸುವುದು ಸ್ಟೀರಾಯ್ಡ್ ಔಷಧ. 1948ರಲ್ಲಿ ಕೀಲುವಾತದ ರೋಗಿಗೆ ಮೊದಲು ಕಾರ್ಟಿಸೋನ್ ಕೊಟ್ಟರು. 1950ರಲ್ಲಿ ಆ ಶೋಧನೆಗೆ ನೊಬೆಲ್ ಪಾರಿತೋಷಕ ಬಂದಿತು. ಮುಂದೆ ಈ ಬಗೆಯ ಔಷಧ ಸೇವಿಸಿದ ಕೆಲವರಲ್ಲಿ ಹುಳುಗಳು ಮಿತಿಮೀರಿ ಹೆಚ್ಚಿ, ಶ್ವಾಸಕೋಶ, ಮಿದುಳುಗಳಿಗೂ ಹರಡಿ ಪ್ರಾಣ ತೆಗೆದವು. ಔಷಧ ದೇಹದ ಕಾವಲುಗಾರನನ್ನು ಮಲಗಿಸಿತು, ಕಳ್ಳ ಮನೆಯೆಲ್ಲ ತಿರುಗಿದ ಎಂದು ಹಲವರು ತಿಳಿದರು.

ಅದು ನಿಜವೇ? ಸಾಮಾನ್ಯ ಇಲಿಯ ದೇಹ ಈ ಹುಳುವನ್ನು ನಿಲ್ಲಗೊಡದು. ಆದಕಾರಣ ಅಮೆರಿಕದ ವಿಜ್ಞಾನಿಗಳು ಹುಟ್ಟಿನಿಂದಲೇ ರೋಗನಿರೋಧಶಕ್ತಿ ಬಹುಮಟ್ಟಿಗೆ ಇಲ್ಲದ ತಳಿಯ ಇಲಿಗಳನ್ನು ಆರಿಸಿಕೊಂಡರು. 2018ರಲ್ಲಿ ಪ್ರಕಟವಾದ ಫಲ ವಿಚಿತ್ರ. ಹುಳುಗಳೇನೋ ನೆಲೆಸಿದವು, ಆದರೆ ಉಪಟಳ ಮಾಡಲಿಲ್ಲ. ಆರು ವಾರ ಮೀಥೈಲ್ ಪ್ರೆಡ್ನಿಸೊಲೋನ್ ಕೊಟ್ಟಾಗ ಮಾತ್ರ ಹೆಣ್ಣುಹುಳುಗಳು ಹತ್ತು ಪಟ್ಟಿಗೂ ಮೀರಿ ಹೆಚ್ಚಿದವು. ಇಲಿಗಳಲ್ಲಿ ಅರ್ಧ ಸತ್ತವು. ಕಾವಲುಗಾರನೇ ಇಲ್ಲದ ಮನೆಯಲ್ಲಿ ಅವನನ್ನು ಮಲಗಿಸುವ ಮಾತೆಲ್ಲಿ? ಔಷಧ ಹುಳುವಿಗೇ ಏನೋ ಸನ್ನೆ ಕೊಡುತ್ತಿರಬಹುದೆಂಬ ಶಂಕೆಗೆ ಇಲ್ಲಿ ಬಲ ಬಂದಿತು. ಹುಳುವಿನ ಮೇಲೆ ಕೆಲಸ ಮಾಡುವ ಡಫಾಕ್ರೋನಿಕ್ ಆಮ್ಲವನ್ನು ಕೊಟ್ಟರೆ ಅದೇ ಇಲಿಗಳಲ್ಲಿ ಹುಳುಗಳು ತಗ್ಗಿದವು. ಪಾಪ, ಆ ಮೂಷಿಕಗಳ ಋಣ ಸಣ್ಣದಲ್ಲ.

ಸ್ಟೀರಾಯ್ಡ್ ಬೇಡವೆಂದು ನಾನು ಹೇಳುತ್ತಿಲ್ಲ. ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ತಟ್ಟನೆ ಬಿಡುವುದೂ ಅಪಾಯ. ನಮ್ಮ ಭಾವನವರು ಮಂಡಿನೋವಿಗೆ ಅಂಗಡಿಯಿಂದ ತಾವೇ ಮಾತ್ರೆ ತರಿಸಿ ನುಂಗುತ್ತಿದ್ದರು. ಕೊನೆಗೊಮ್ಮೆ ವೈದ್ಯರಲ್ಲಿಗೆ ಕರೆದೊಯ್ದೆ. ಅವರು ಕೇಳಿದ ಮೊದಲ ಪ್ರಶ್ನೆ: “ಬರಿಗಾಲಿನಲ್ಲಿ ಗದ್ದೆಗೆ ಇಳಿಯುತ್ತಿದ್ದಿರಾ?” ಭಾವನವರು ನಕ್ಕು, “ಗದ್ದೆಗೆ ಜೋಡು ಮೆಟ್ಟಿ ಇಳಿದವರುಂಟೇ ಸ್ವಾಮಿ?” ಎಂದರು. ವೈದ್ಯರು ನಗಲಿಲ್ಲ, ಮಲಪರೀಕ್ಷೆಗೆ ಚೀಟಿ ಬರೆದುಕೊಟ್ಟರು.