ಡೈನಿಂಗ್ ಟೇಬಲ್ಲಿನ ಮೇಲೆ ಓದಿದ ಮ್ಯಾನೇಜ್‌ಮೆಂಟ್

(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ತಿಂಗಳ ಸಭೆಯಲ್ಲಿ ಚಹಾ ಕುಡಿಯುವಾಗ ನಮ್ಮ ಸದಸ್ಯೆಯೊಬ್ಬರು ನನ್ನನ್ನು ಕೇಳಿದರು: "ಮೇಡಂ, ಸೈನಿಕಪುರಿಯಲ್ಲಿ ಒಂದು ಮಿಲಿಟರಿ ಕಾಲೇಜು ಇದೆಯಂತೆ, ಅಲ್ಲಿ ಎಂಬಿಎ ಥರದ್ದೇ ಕಲಿಸ್ತಾರಂತೆ. ನಮ್ಮ ಹುಡುಗಿ ಬಿಕಾಂ ಮುಗಿಸ್ತಾಳೆ, ಅಲ್ಲಿಗೆ ಸೇರಿಸಬಹುದಾ?" ನಿಂತಲ್ಲೇ "ಆಗಲ್ಲ" ಎಂದುಬಿಟ್ಟೆ. ಮನೆಗೆ ಹೋದ ಮೇಲೆ, ಆ ಒಂದು ಮಾತು ಸಾಲದು ಅನ್ನಿಸಿತು. ಅದಕ್ಕೇ ಇವತ್ತು ಈ ವಿಷಯ.

ಅವರು ಕೇಳಿದ್ದು ಕಾಲೇಜ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್ ಬಗ್ಗೆ. ನಾವೆಲ್ಲ ಸಿಡಿಎಂ ಅನ್ನುತ್ತೇವೆ. 1970ರಲ್ಲಿ ಸಿಕಂದರಾಬಾದಿನಲ್ಲಿ ಶುರುವಾದಾಗ ಅದರ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಡಿಫೆನ್ಸ್ ಮ್ಯಾನೇಜ್‌ಮೆಂಟ್. 1980ರಲ್ಲಿ ಈಗಿನ ಹೆಸರು ಬಂತು. ಭೂಸೇನೆ, ನೌಕಾಪಡೆ, ವಾಯುಪಡೆ, ಮೂರಕ್ಕೂ ಸೇರಿದ ಕಾಲೇಜು. ಅಲ್ಲಿನ ಮುಖ್ಯ ಕೋರ್ಸು ಹೈಯರ್ ಡಿಫೆನ್ಸ್ ಮ್ಯಾನೇಜ್‌ಮೆಂಟ್ ಕೋರ್ಸ್, ಸುಮಾರು 44 ವಾರಗಳದ್ದು. ಉಸ್ಮಾನಿಯಾ ವಿಶ್ವವಿದ್ಯಾಲಯ ಇದಕ್ಕೆ ಮ್ಯಾನೇಜ್‌ಮೆಂಟಿನಲ್ಲಿ ಮಾಸ್ಟರ್ ಪದವಿ ಕೊಡುತ್ತದೆ. ವಿದ್ಯಾರ್ಥಿಗಳು ಯಾರು ಗೊತ್ತೇ? ಭೂಸೇನೆಯ ಕರ್ನಲ್‌ಗಳು, ನೌಕಾಪಡೆಯ ಕ್ಯಾಪ್ಟನ್‌ಗಳು, ವಾಯುಪಡೆಯ ಗ್ರೂಪ್ ಕ್ಯಾಪ್ಟನ್‌ಗಳು, ಜೊತೆಗೆ ಸ್ನೇಹಿತ ದೇಶಗಳ ಕೆಲವು ಅಧಿಕಾರಿಗಳು. ಕನ್ನಡಕ ಹಾಕಿಕೊಂಡು, ತಲೆ ಅರ್ಧ ನರೆತು, ಮತ್ತೆ ಪೆನ್ನು ಹಿಡಿದು ಕೂರುವವರು. ಹಾಗಾಗಿ ಬಿಕಾಂ ಮುಗಿಸಿದ ಹುಡುಗಿ ಅರ್ಜಿ ಹಾಕುವ ಜಾಗ ಅದಲ್ಲ. ಸೇನೆಯಲ್ಲಿ ದಶಕಗಳ ಕಾಲ ದುಡಿದು, ಆಯ್ಕೆಯಾಗಿ ಹೋಗುವ ಜಾಗ.

"ಯುದ್ಧ ಮಾಡೋರಿಗೆ ಮ್ಯಾನೇಜ್‌ಮೆಂಟ್ ಯಾಕೆ?" ಅಂತ ನನ್ನ ಅತ್ತೆ ಕೇಳಿದ್ದರು. ನಿಜ ಹೇಳಬೇಕೆಂದರೆ, ಇವತ್ತು ಬಿಸಿನೆಸ್ ಸ್ಕೂಲುಗಳಲ್ಲಿ ಕಲಿಸುವ ಎಷ್ಟೋ ವಿಷಯ ಯುದ್ಧದಿಂದಲೇ ಹುಟ್ಟಿದ್ದು. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟನ್ನಿನ ಸರಕು ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸುತ್ತಿದ್ದವು. ಹಡಗುಗಳು ಚಿಕ್ಕ ಗುಂಪಾಗಿ ಹೋಗಬೇಕೋ, ದೊಡ್ಡ ಗುಂಪಾಗಿ ಹೋಗಬೇಕೋ? ಭೌತವಿಜ್ಞಾನಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ತಂಡ ಲೆಕ್ಕ ಹಾಕಿ, ದೊಡ್ಡ ಗುಂಪೇ ಕ್ಷೇಮ ಎಂದಿತು. ರಂಗೋಲಿ ಹಾಕುವವರಿಗೆ ಇದು ಬೇಗ ತಿಳಿಯುತ್ತದೆ: ವೃತ್ತದ ಅಗಲ ಎರಡರಷ್ಟಾದರೆ ಒಳಗಿನ ಜಾಗ ನಾಲ್ಕರಷ್ಟಾಗುತ್ತದೆ, ಸುತ್ತಳತೆ ಎರಡರಷ್ಟೇ. ಅಂದರೆ ಹಡಗುಗಳು ನಾಲ್ಕರಷ್ಟಾದರೂ ಕಾಯಬೇಕಾದ ಅಂಚು ಎರಡರಷ್ಟು ಮಾತ್ರ. ಹೀಗೆ ಬೆಳೆದದ್ದೇ ಆಪರೇಷನ್ಸ್ ರಿಸರ್ಚ್. 1947ರಲ್ಲಿ ಅಮೆರಿಕದ ವಾಯುಪಡೆಯ ಯೋಜನೆಗಾಗಿ ಜಾರ್ಜ್ ಡಾಂಟ್ಸಿಗ್ ರೂಪಿಸಿದ ಲೀನಿಯರ್ ಪ್ರೋಗ್ರಾಮಿಂಗ್ ವಿಧಾನ, 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಮಾಡಿಕೊಂಡ ಪರ್ಟ್ ಚಾರ್ಟು, ಎರಡನ್ನೂ ನಮ್ಮ ಮಕ್ಕಳು ಎಂಬಿಎಯಲ್ಲಿ ಓದುತ್ತಾರೆ.

ಇನ್ನು ನನ್ನ ಕಥೆಗೆ ಬರುತ್ತೇನೆ. ನಾನು ಹಾಸನ ಜಿಲ್ಲೆಯವಳು. 1996ರಲ್ಲಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಿಂದ ಹೊರಬಂದು ಆರ್ಮಿ ಸರ್ವಿಸ್ ಕೋರ್ ಸೇರಿದೆ. ಸೈನಿಕರಿಗೆ ರೇಷನ್ನು, ಇಂಧನ ತಲುಪಿಸುವ ವಿಭಾಗ ಅದು. "ಸೈನ್ಯಕ್ಕೆ ಹೋಗಿ ಅಕ್ಕಿ ಬೇಳೆ ಅಳೀತೀಯಾ?" ಎಂದು ನಮ್ಮ ದೊಡ್ಡಪ್ಪ ನಕ್ಕಿದ್ದರು.

ಅಕ್ಕಿ ಬೇಳೆ ಅಳೆಯುವುದು ಎಂಥ ಕೆಲಸ ಎಂದು ನನಗೆ ತಿಳಿದದ್ದು ಲಡಾಖಿನಲ್ಲಿ. ಆಗೆಲ್ಲ ಚಳಿಗಾಲದಲ್ಲಿ ಜೋಜಿಲಾ ಕಣಿವೆ ಹಿಮ ಬಿದ್ದು ಮುಚ್ಚಿದರೆ ಶ್ರೀನಗರದ ರಸ್ತೆ ತಿಂಗಳುಗಟ್ಟಲೆ ಬಂದ್ ಆಗುತ್ತಿತ್ತು. ಅಷ್ಟೂ ತಿಂಗಳಿಗೆ ಬೇಕಾದ ಹಿಟ್ಟು, ಬೇಳೆ, ಸಕ್ಕರೆ, ಸೀಮೆಎಣ್ಣೆಯನ್ನು ಬೇಸಿಗೆಯಲ್ಲೇ ಸಾಗಿಸಿ ಕೂಡಿಡಬೇಕಿತ್ತು. ಮಲೆನಾಡಿನವರು ಮಳೆಗಾಲಕ್ಕೆ ಸೌದೆ, ಹಪ್ಪಳ ಕೂಡಿಡುವುದಿಲ್ಲವೇ, ಹಾಗೆ. ಇಲ್ಲಿ ಲೆಕ್ಕ ತಪ್ಪಿದರೆ ಪಕ್ಕದ ಮನೆಯಲ್ಲಿ ಸಾಲ ಕೇಳಲು ಪಕ್ಕದ ಮನೆಯೇ ಇರುವುದಿಲ್ಲ.

ಒಂದು ವರ್ಷ ನಾನು ತಪ್ಪಿದೆ. ಎತ್ತರದ ಒಂದು ಸಣ್ಣ ಪೋಸ್ಟಿಗೆ ಸೀಮೆಎಣ್ಣೆ ಲೀಟರ್ ಲೀಟರ್ ಲೆಕ್ಕ ಹಾಕಿ ಕಳಿಸಿದ್ದೆ. ಪಂಪ್ ಸ್ಟೌಗಳೂ ಹೋಗಿದ್ದವು. ಹೋಗದೇ ಇದ್ದದ್ದು ಸ್ಟೌ ಪಿನ್ನು. ನಮ್ಮ ವಯಸ್ಸಿನವರಿಗೆ ನೆನಪಿರಬೇಕು, ಪಂಪ್ ಸ್ಟೌನ ಬರ್ನರಿನ ತೂತು ಕಟ್ಟಿಕೊಂಡರೆ ಚುಚ್ಚುವ ಆ ಸಣ್ಣ ಪಿನ್ನು. ಅಂಗಡಿಯಲ್ಲಿ ಚಿಲ್ಲರೆ ಇಲ್ಲದಿದ್ದರೆ ಚಿಲ್ಲರೆಯ ಬದಲಿಗೆ ಕೊಡುತ್ತಿದ್ದಂಥ ವಸ್ತು. ಹಿಮ ಬಿದ್ದ ಮೇಲೆ ವೈರ್‌ಲೆಸ್ಸಿನಲ್ಲಿ ಸಂದೇಶ ಬಂತು: ಎಣ್ಣೆ ಇದೆ, ಸ್ಟೌ ಇದೆ, ಉರಿ ಇಲ್ಲ. ಎರಡು ದಿನ ಆ ಹುಡುಗರು ತಂತಿಯ ಎಳೆಯಿಂದ ತೂತು ಬಿಡಿಸಿಕೊಂಡು ಹೇಗೋ ನಿಭಾಯಿಸಿದರು. ಮೂರನೇ ದಿನ ಬೇರೆ ಕೆಲಸಕ್ಕೆ ಹೊರಟಿದ್ದ ಹೆಲಿಕಾಪ್ಟರಿನಲ್ಲಿ ಪಿನ್ನಿನ ಪೊಟ್ಟಣ ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಎರಡು ರಾತ್ರಿ ನನಗೆ ನಿದ್ದೆ ಇಲ್ಲ. ಆಮೇಲೆ ನಾನೇ ಒಂದು ಕೆಂಪು ನೋಟ್‌ಬುಕ್ ಮಾಡಿಕೊಂಡೆ. ಬೆಲೆ ಕಡಿಮೆ, ಆದರೆ ಇಲ್ಲದಿದ್ದರೆ ಎಲ್ಲ ನಿಂತುಹೋಗುವ ವಸ್ತುಗಳು ಮಾತ್ರ ಅದರಲ್ಲಿ: ಪಿನ್ನು, ವಾಷರು, ಬೆಂಕಿಪೊಟ್ಟಣ, ಟಾರ್ಚಿನ ಬಲ್ಬು.

2010ರಲ್ಲಿ 14 ವರ್ಷ ಮುಗಿಯಿತು, ಮೇಜರ್ ಆಗಿ ಹೊರಬಂದೆ. ನಮ್ಮದು ಶಾರ್ಟ್ ಸರ್ವಿಸ್. ಅಧಿಕಾರಿಗಳಿಗೆ ಪಿಂಚಣಿ ಸಿಗಲು 20 ವರ್ಷ ಸೇವೆ ಆಗಬೇಕು, ಹಾಗಾಗಿ ಪಿಂಚಣಿ ಇಲ್ಲ. ಹೈದರಾಬಾದಿಗೆ ಬಂದು ಒಂದು ಕಂಪನಿಗೆ ಸಂದರ್ಶನಕ್ಕೆ ಹೋದೆ. ನನ್ನ ಅರ್ಧ ವಯಸ್ಸಿನ ಹುಡುಗ ನಗುತ್ತಾ ಕೇಳಿದ: "ಆರ್ಮಿಯಲ್ಲಿ ಆರ್ಡರ್ ಕೊಟ್ಟರೆ ಆಯಿತಲ್ಲ ಮೇಡಂ. ನೀವು ನಿಜವಾಗಿ ಮ್ಯಾನೇಜ್ ಮಾಡಿದ್ದು ಏನು?" ನನಗೆ ಉತ್ತರ ಹೇಳಲು ಬರಲಿಲ್ಲ. ಸ್ಟೌ ಪಿನ್ನಿನ ಕಥೆಯನ್ನು ಹವಾನಿಯಂತ್ರಿತ ಕೋಣೆಯಲ್ಲಿ ಹೇಗೆ ಹೇಳುವುದು? ಕೆಲಸ ಸಿಗಲಿಲ್ಲ.

ಮರುವರ್ಷ ನಮ್ಮ ಯಜಮಾನರಿಗೆ ಸಿಡಿಎಂ ಕೋರ್ಸು ಸಿಕ್ಕಿತು. ಮೂಟೆಗಟ್ಟಲೆ ಪುಸ್ತಕ ಮನೆಗೆ ಬಂತು. ಸಂಜೆ ಮಗಳು ಮಲಗಿದ ಮೇಲೆ ಡೈನಿಂಗ್ ಟೇಬಲ್ಲಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ಮೊದಲು ಅವರ ಪ್ರಬಂಧದ ತಪ್ಪು ತಿದ್ದಲು ಕೂತವಳು, ಆಮೇಲೆ ನನಗಾಗಿಯೇ ಓದತೊಡಗಿದೆ. ಒಂದು ರಾತ್ರಿ ದಾಸ್ತಾನು ನಿರ್ವಹಣೆಯ ಪಾಠ ಬಂತು. ಎಬಿಸಿ ವಿಶ್ಲೇಷಣೆಯಲ್ಲಿ ವಸ್ತುಗಳನ್ನು ಖರ್ಚಾಗುವ ಹಣದ ಮೇಲೆ ವಿಂಗಡಿಸುತ್ತಾರೆ. ವಿಇಡಿಯಲ್ಲಿ ಅದು ಎಷ್ಟು ಮುಖ್ಯ ಎಂಬುದರ ಮೇಲೆ: ವೈಟಲ್, ಎಸೆನ್ಷಿಯಲ್, ಡಿಸೈರಬಲ್. ಅಂದರೆ ಇಲ್ಲದಿದ್ದರೆ ಆಗುವುದೇ ಇಲ್ಲ, ಇರಬೇಕು, ಇದ್ದರೆ ಒಳ್ಳೆಯದು. ಅಡುಗೆಮನೆಯಲ್ಲಿ ಉಪ್ಪು ಅಗ್ಗ, ಆದರೆ ವೈಟಲ್. ಗೋಡಂಬಿ ದುಬಾರಿ, ಆದರೆ ಪಾಯಸ ದ್ರಾಕ್ಷಿಯಲ್ಲೂ ಆಗುತ್ತದೆ. ಎರಡು ಪಟ್ಟಿಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅಗ್ಗದ ಆದರೆ ಪ್ರಾಣದಂಥ ವಸ್ತುಗಳು ಕಣ್ಣಿಗೆ ಬೀಳುತ್ತವೆ.

"ರೀ, ಇದು ನನ್ನ ಕೆಂಪು ನೋಟ್‌ಬುಕ್ಕು!" ಎಂದೆ. ಅವರು ಓದಿ ನೋಡಿ, "ಹೌದಲ್ಲೇ. ನೀನು ಮಾಡಿದ್ದಕ್ಕೆ ಇಲ್ಲಿ ಹೆಸರಿದೆ," ಎಂದರು. ಖುಷಿಯಾಯಿತು. ಆದರೆ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ ಕೂಡ. ಆ ಹೆಸರು ಸಂದರ್ಶನದ ದಿನ ಗೊತ್ತಿದ್ದಿದ್ದರೆ ಎಂದು ಮಾತ್ರವಲ್ಲ. ಅದನ್ನು ಕಲಿಸುವ ತರಗತಿ ನನ್ನ ಮನೆಯಿಂದ ಹತ್ತು ನಿಮಿಷದ ದಾರಿ, ಮತ್ತು ಅಲ್ಲಿಗೆ ನಾನು ಯಾವತ್ತೂ ವಿದ್ಯಾರ್ಥಿಯಾಗಿ ಹೋಗಲಾರೆ ಎಂದು.

ಯಾಕೆ ಹೋಗಲಾರೆ? "ಹೆಂಗಸರಿಗೆ ಪ್ರವೇಶವಿಲ್ಲ" ಎಂದು ಬಾಗಿಲಲ್ಲಿ ಬೋರ್ಡೇನೂ ಇರಲಿಲ್ಲ. ಅದರ ಅಗತ್ಯವೇ ಇರಲಿಲ್ಲ. ಅಲ್ಲಿ ಕೂರಬೇಕಾದರೆ ಕರ್ನಲ್ ಆಗಬೇಕು, ಕರ್ನಲ್ ಆಗಲು ಪರ್ಮನೆಂಟ್ ಕಮಿಷನ್ ಇರಬೇಕು. ನಮ್ಮಂಥ ವಿಭಾಗಗಳಿಗೆ 1992ರಲ್ಲಿ ಮಹಿಳೆಯರಿಗೆ ಬಾಗಿಲು ತೆರೆದಾಗ ಐದು ವರ್ಷದ ಸೇವೆ ಮಾತ್ರ ಎಂದಿತ್ತು. ಆಮೇಲೆ ಹತ್ತಾಯಿತು, ಹದಿನಾಲ್ಕಾಯಿತು. 2008ರಲ್ಲಿ ಕಾನೂನು ಮತ್ತು ಶಿಕ್ಷಣ ವಿಭಾಗಗಳ ಮಹಿಳೆಯರಿಗೆ ಪರ್ಮನೆಂಟ್ ಕಮಿಷನ್ ಕೊಟ್ಟರು, ನಮಗಿಲ್ಲ. 2010ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಮಹಿಳೆಯರ ಪರ ತೀರ್ಪು ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ದಾವೆ ಹೂಡಿದವರಲ್ಲಿ ನಾನಿರಲಿಲ್ಲ. ಆ ಧೈರ್ಯ ಆಗ ನನಗೆ ಬರಲಿಲ್ಲ, ಇದನ್ನು ಒಪ್ಪಿಕೊಳ್ಳುತ್ತೇನೆ.

ಕೊನೆಗೆ 2020ರ ಫೆಬ್ರುವರಿ 17ರಂದು ಬಬಿತಾ ಪುನಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ದೇಹಶಕ್ತಿ, ಸಂಸಾರ, ಹಳ್ಳಿಯಿಂದ ಬಂದ ಸೈನಿಕರು ಹೆಣ್ಣಿನ ಮಾತು ಕೇಳುವುದಿಲ್ಲ ಎಂಬಂಥ ವಾದಗಳನ್ನು ನ್ಯಾಯಾಲಯ ತಳ್ಳಿಹಾಕಿ, ಪರ್ಮನೆಂಟ್ ಕಮಿಷನ್ನಿಗೆ ಮಹಿಳೆಯರನ್ನೂ ಪರಿಗಣಿಸಬೇಕೆಂದಿತು. 2023ರ ಆರಂಭದಲ್ಲಿ ಮಹಿಳಾ ಅಧಿಕಾರಿಗಳಿಗಾಗಿಯೇ 108 ಕರ್ನಲ್ ಹುದ್ದೆಗಳಿಗೆ ಆಯ್ಕೆ ನಡೆಯಿತು. 2025ರ ಮೇ ತಿಂಗಳಲ್ಲಿ ಎನ್‌ಡಿಎಯಿಂದ ಮೊದಲ ತಂಡದ 17 ಹೆಣ್ಣುಮಕ್ಕಳು ಹೊರಬಂದರು. ನನ್ನ ಜೊತೆಯಲ್ಲಿ ದುಡಿದು, ಹೋರಾಡಿ ಉಳಿದುಕೊಂಡ ಕಿರಿಯ ಗೆಳತಿಯರ ಭುಜದ ಮೇಲೆ ಕರ್ನಲ್ ಬ್ಯಾಡ್ಜು ನೋಡಿದಾಗ ನನ್ನದೇ ಹೆಗಲು ಭಾರವಾದಂತಾಯಿತು.

ಆದ್ದರಿಂದ ನಮ್ಮ ಹುಡುಗಿಯರಿಗೂ ಅವರ ಅಮ್ಮಂದಿರಿಗೂ ನಾನು ಹೇಳುವುದು ಇಷ್ಟು. ಮಿಲಿಟರಿಯಲ್ಲಿ ಮ್ಯಾನೇಜ್‌ಮೆಂಟ್ ಓದುವ ಆಸೆ ಇದ್ದರೆ ದಾರಿ ಸಿಡಿಎಂ ಗೇಟಿನಿಂದ ಶುರುವಾಗುವುದಿಲ್ಲ. ಪಿಯುಸಿ ಆದ ಮೇಲೆ ಎನ್‌ಡಿಎ ಪರೀಕ್ಷೆ, ಪದವಿ ಆದ ಮೇಲೆ ಸಿಡಿಎಸ್ ಪರೀಕ್ಷೆ, ಅಲ್ಲಿಂದ ಶುರು. ಕೆಲಸಕ್ಕೆ ಸೇರುವಾಗ ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ನೀವು ಇನ್ನೂ ಎರಡು ಪ್ರಶ್ನೆ ಕೇಳಿ: ಎಷ್ಟು ವರ್ಷ ಇರಲು ಬಿಡುತ್ತಾರೆ? ಹದಿನೈದು ವರ್ಷದ ನಂತರ ಓದಲು ಕಳಿಸುತ್ತಾರಾ? ಇದು ಸೇನೆಗೆ ಮಾತ್ರವಲ್ಲ, ಬ್ಯಾಂಕಿಗೂ ಐಟಿಗೂ ಅನ್ವಯಿಸುತ್ತದೆ. ಒಳಗೆ ಬಿಡುವುದು ಒಂದು, ಮೇಲೆ ಹೋಗಲು ಕಲಿಸುವುದು ಇನ್ನೊಂದು.

ಇನ್ನೊಂದು ಮಾತು. ಸೇವೆ ಮುಗಿಸಿ ಹೊರಬರುವ ಅಧಿಕಾರಿಗಳಿಗೆ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ಮೂಲಕ ಐಐಎಂನಂಥ ಸಂಸ್ಥೆಗಳಲ್ಲಿ ಸುಮಾರು ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸುಗಳಿವೆ. ಶಾರ್ಟ್ ಸರ್ವಿಸ್‌ನವರಿಗೂ ಇದೆ. ನಾನು ಮಾಡಲಿಲ್ಲ, ಮಗಳು ಚಿಕ್ಕವಳು, ಯಾರು ನೋಡಿಕೊಳ್ಳುತ್ತಾರೆ ಎಂದು ಬಿಟ್ಟೆ. ಆ ಆರು ತಿಂಗಳು ನೋಡಿಕೊಳ್ಳಲು ನಮ್ಮಮ್ಮ ಸಿದ್ಧರಿದ್ದರು, ನಾನೇ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಅಂಥ ಮಗಳೋ ಸೊಸೆಯೋ ಇದ್ದರೆ, ಅವಳು ಕೇಳುವ ಮುಂಚೆ ನೀವೇ ಹೇಳಿ, "ಹೋಗಿ ಓದಿಕೊಂಡು ಬಾ, ಮಗುವನ್ನು ನಾವು ನೋಡಿಕೊಳ್ಳುತ್ತೇವೆ" ಎಂದು.

ನನ್ನ ಎರಡನೇ ಸಂದರ್ಶನದ ಬಗ್ಗೆ ಹೇಳಿ ಮುಗಿಸುತ್ತೇನೆ. ಇಲ್ಲೇ ಒಂದು ಔಷಧ ಗೋದಾಮಿನ ಕೆಲಸ. ಅವರೂ ಅದೇ ಪ್ರಶ್ನೆ ಕೇಳಿದರು. ಈ ಸಲ ಕೆಂಪು ನೋಟ್‌ಬುಕ್ ಚೀಲದಲ್ಲಿತ್ತು. ತೆಗೆದು ಮೇಜಿನ ಮೇಲಿಟ್ಟು, ಮೊದಲು ಸ್ಟೌ ಪಿನ್ನಿನ ಕಥೆ ಹೇಳಿದೆ, ಆಮೇಲೆ ಅದರ ಹೆಸರು ಹೇಳಿದೆ. ಕೆಲಸ ಸಿಕ್ಕಿತು. ಅಲ್ಲೀಗ ಹೊಸದಾಗಿ ಸೇರುವ ಹುಡುಗಿಯರಿಗೆ ಮೊದಲ ದಿನ ನಾನೇ ಪಾಠ ಮಾಡುತ್ತೇನೆ. ಅವರಲ್ಲಿ ಯಾರೂ ಪಂಪ್ ಸ್ಟೌ ನೋಡಿಲ್ಲ. ಅದಕ್ಕೇ ಒಂದು ಪಿನ್ನು ಇಟ್ಟುಕೊಂಡಿದ್ದೇನೆ, ತೋರಿಸಲು.